ಓಕ್ಲ್ಯಾಂಡಿನ ಕೌಂಟರಿನಲ್ಲಿ ನಾನು ನುಂಗಿದ ಮಾತು

ಮಂಜುಳಾ, ಆ ದಿನ ಓಕ್ಲ್ಯಾಂಡಿನ ಕೌಂಟಿ ಆಫೀಸಿನಲ್ಲಿ ನಿನ್ನ ಮದುವೆಯ ಲೈಸೆನ್ಸಿಗೆ ಅರ್ಜಿ ಕೊಡುವಾಗ, ಕೌಂಟರಿನ ಹೆಂಗಸು ನಿನ್ನ ಅಪ್ಪನ ಹೆಸರು ಕೇಳಲಿಲ್ಲ. ಕೇಳುತ್ತಿದ್ದಾಳೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ನೀನು ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ, "ಹೂಂ, ಚಿಕ್ಕೇಗೌಡ" ಎಂದೆ. ನಾನು ಆಕೆಯತ್ತ ತಿರುಗಿ "ಯೆಸ್, ಶೀ ನೋಸ್" ಎಂದೆ. ಅವಳಿಗೆ ಗೊತ್ತಿದೆ ಎಂದೆ. ನಿನಗೆ ಏನೂ ಗೊತ್ತಿರಲಿಲ್ಲ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ. ಮರೆತುಹೋಗಿದೆ ಎಂದುಕೊಂಡಿದ್ದೆ — ಇಲ್ಲ, ಅದೂ ಸುಳ್ಳು. ಮರೆತಿರಲಿಲ್ಲ, ಅದರ ಮೇಲೆ ಚೆನ್ನಾಗಿ ಬದುಕಿದ್ದೆ.

ನಿನ್ನನ್ನು ಮಂಡ್ಯದಿಂದ ಕರೆಸಿಕೊಂಡದ್ದೇ ನನ್ನ ಅನುಕೂಲಕ್ಕೆ. ಅಮ್ಮನಿಗೆ ಮಂಡಿನೋವು, ಬಾಣಂತನಕ್ಕೆ ಬರಲಾರೆ ಎಂದಳು. ಚಿಕ್ಕಪ್ಪ, ನಿನ್ನ ಅಪ್ಪ, ತೀರಿಹೋದ ಮೇಲೆ ನೀನು ಅಣ್ಣಂದಿರ ಮನೆಯಲ್ಲಿ ಬೇಯಿಸಿ ಹಾಕಿಕೊಂಡಿದ್ದೆ, ಅಲ್ಲಿಂದ ನಿನ್ನನ್ನು ಎತ್ತಿಕೊಂಡು ಬರುವುದು ಸುಲಭವಾಯಿತು. ಊರಿನವರು ನನ್ನನ್ನು ಹೊಗಳಿದರು, ತಂಗಿಗೆ ಅಮೆರಿಕ ತೋರಿಸಿದಳು ಎಂದು. ನೀನು ನೋಡಿದ ಅಮೆರಿಕ ಎಂದರೆ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆ, ಕೆಳಗಿನ ಲಾಂಡ್ರಿ ರೂಮು, ಮತ್ತು ನನ್ನ ಮಗುವಿನ ಬಟ್ಟೆ.

ರಾಜಶೇಖರ್ ನಿನ್ನನ್ನು ಮೊದಲು ನೋಡಿದ್ದು ಮಗುವಿನ ನಾಮಕರಣದ ದಿನ. ಸ್ಯಾನ್ ಹೊಸೆಯಲ್ಲಿ ನಿನ್ನ ಭಾವ ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿಯ ಮಾಲೀಕ, ಡ್ಯಾನ್‌ವಿಲ್‌ನಲ್ಲಿ ದೊಡ್ಡ ಮನೆ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಅವನ ಕಂಪನಿಯ ಹೆಸರಿನಲ್ಲಿತ್ತು. ಅವನು ಬೇಡ ಎಂದರೆ ನಾವು ಗಂಟುಮೂಟೆ ಕಟ್ಟಬೇಕಿತ್ತು. ಸುತ್ತ ಎಲ್ಲರೂ ಷೇರು, ಮನೆ, ಹೊಸ ಕಾರು ಎಂದು ಕುಣಿಯುತ್ತಿದ್ದ ಕಾಲ ಅದು, ನಾವು ಮಾತ್ರ ಆ ಒಬ್ಬ ಮನುಷ್ಯನ ಮುಖ ನೋಡಿಕೊಂಡು ಕೂತಿದ್ದೆವು. ನೀನು ಮಾಡಿದ ಒಬ್ಬಟ್ಟು ತಿನ್ನುತ್ತಾ ಅವನು ನಿನ್ನ ಭಾವನಿಗೆ ಹೇಳಿದ, "ನಿಮ್ಮ ನಾದಿನೀನ ನಂಗೆ ಕೊಟ್ಬಿಡಿ ಮೋಹನ್." ಇನ್ನೊಂದು ಒಬ್ಬಟ್ಟು ಕೇಳಿದ ಹಾಗೆ ಕೇಳಿದ. ನಾನು ನಕ್ಕೆ. ಆ ನಗು ಈಗಲೂ ನನ್ನ ಬಾಯಲ್ಲಿ ಎಲ್ಲೋ ಅಂಟಿಕೊಂಡಿದೆ — ಥೂ.

ಅವನಿಗೆ ಎರಡು ಮದುವೆಯಾಗಿ ಎರಡೂ ಮುರಿದಿದ್ದವು. ನಮಗೆ ಗೊತ್ತಿತ್ತು. ಎರಡನೆಯವಳ ಪಾಸ್‌ಪೋರ್ಟನ್ನು ಅವನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಅವಳು ಒಮ್ಮೆ ನಮ್ಮ ಮನೆಗೆ ಫೋನು ಮಾಡಿ, ಅದನ್ನು ಹೇಗಾದರೂ ತೆಗೆದು ಕೊಡಿ ಎಂದು ನಿನ್ನ ಭಾವನ ಹತ್ತಿರ ಅತ್ತಿದ್ದಳು. ಅವರು ಫೋನಿಟ್ಟು ನನ್ನ ಮುಖ ನೋಡಿದರು. "ಅದು ಅವರ ಮನೆ ವಿಷಯ, ನಮಗ್ಯಾಕೆ" ಎಂದವಳು ನಾನೇ. ನಾವು ತೆಗೆದುಕೊಡಲಿಲ್ಲ.

ನೀನು ಪೆದ್ದಿಯಾಗಿರಲಿಲ್ಲ. ಪಾತ್ರೆ ತೊಳೆಯುತ್ತಾ ಕೇಳಿದ್ದೆ, "ಅಕ್ಕ, ಇಷ್ಟು ವಯಸ್ಸಾಗೋಗಂಟ ಯಾಕಕ್ಕ ಮದ್ವೆ ಆಗ್ದೆ ಇದ್ದ?" ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೆ. ನಾನು ಹೇಳಿದೆ, "ಕಂಪನಿ ಕಟ್ಟೋದ್ರಲ್ಲೇ ಕಾಲ ಹೋಯ್ತು ಕಣೆ. ವಾಪಸ್ ಹೋದ್ರೆ ಅಣ್ಣಂದಿರ ಮನೆ ಒಲೆ ಮುಂದೆ ಕೂರ್ಬೇಕು ನೀನು, ನೋಡ್ಕೋ." ನೀನು ತಟ್ಟೆ ಒರೆಸಿ ಜೋಡಿಸಿದೆ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ, ನನಗೆ ಬೇಕಿದ್ದದ್ದೂ ಅದೇ.

ಇನ್ನು ಆ ದಿನ. ನಿನ್ನ ಭಾವ ಬರಲಿಲ್ಲ, ಮೀಟಿಂಗಿದೆ ಎಂದರು. ಮೀಟಿಂಗಿರಲಿಲ್ಲ ಎಂದು ಅವರಿಗೂ ನನಗೂ ಗೊತ್ತಿತ್ತು. ನೀನು ನನ್ನ ಹಳೆಯ ಮೈಸೂರು ಸಿಲ್ಕ್ ಸೀರೆ ಉಟ್ಟು, ಮೇಲೆ ನನ್ನದೇ ಸ್ವೆಟರ್ ಹಾಕಿಕೊಂಡಿದ್ದೆ. ರಾಜಶೇಖರ್ ಬೆಂಚಿನ ಮೇಲೆ ಕೂತು ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕೆರೆದು, ಕೀಲಿಯನ್ನು ಪ್ಯಾಂಟಿಗೆ ಒರೆಸಿ, ಅದೇ ಕೈಯನ್ನು ನಿನ್ನ ಭುಜದ ಮೇಲಿಟ್ಟ. ಅದನ್ನು ನೆನೆದು ಬಹಳ ವರ್ಷ ನನಗೆ ಸಮಾಧಾನವಿತ್ತು ಗೊತ್ತಾ — ಅಸಹ್ಯ ಅವನದು, ನನ್ನದಲ್ಲ ಎಂದು. ಕಿವಿಯ ಕೊಳೆ ಒರೆಸಿದರೆ ಹೋಗುತ್ತದೆ. ನಾನು ಮಾಡಿದ್ದು ಹೋಗಲಿಲ್ಲ.

ಕೌಂಟರಿನ ಹೆಂಗಸು ಅರ್ಜಿ ಓದಿದಳು. ಹಿಂದಿನ ಮದುವೆಗಳ ವಿಷಯ ಅವನು ಅದರಲ್ಲಿ ಬರೆಯಲೇಬೇಕಿತ್ತು, ಬರೆದಿದ್ದ. ನಿನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬ ಧೈರ್ಯ. ಆಕೆ ಕನ್ನಡಕ ತೆಗೆದು ನಿನ್ನನ್ನು ನೋಡಿ, ಎರಡು ಮಾತು ನಿನ್ನ ಭಾಷೆಯಲ್ಲಿ ನಿನಗೆ ಹೇಳು ಎಂದು ನನಗೆ ಹೇಳಿದಳು. ಮೊದಲನೆಯದು ಅವನ ಎರಡು ಮದುವೆಗಳ ವಿಷಯ, ಅದು ಈಕೆಗೆ ಗೊತ್ತಿದೆಯೇ ಎಂದು. ಎರಡನೆಯದು... ಅದನ್ನು ಕೊನೆಗೆ ಬರೆಯುತ್ತೇನೆ. ಈಗ ಕೈ ಬರುತ್ತಿಲ್ಲ.

ಅವನು ನನ್ನತ್ತ ನೋಡಿದ. ಗದರಿಸುವ ನೋಟವೇನಲ್ಲ, ಗದರಿಸಿದ್ದರೆ ಒಳ್ಳೆಯದಿತ್ತು. ನಾನು ಏನು ಹೇಳುತ್ತೇನೆಂದು ಅವನಿಗೆ ಮೊದಲೇ ಗೊತ್ತಿದ್ದ ಹಾಗೆ ನೋಡಿದ. ಆಗಲೇ ನಾನು ನಿನ್ನ ಕಡೆ ತಿರುಗಿ ಅಪ್ಪನ ಹೆಸರು ಹೇಳು ಎಂದದ್ದು. ಆಮೇಲೆ ನಿನ್ನ ಕೈ ಹಿಡಿದು ನಾನೇ ಮೇಲೆತ್ತಿಸಿದೆ, ಪ್ರಮಾಣಕ್ಕೆ. ನೀನು ದೇವರಿಗೆ ಎತ್ತಿದ ಹಾಗೆ ಎರಡೂ ಕೈ ಎತ್ತಿದೆ. ಆ ಹೆಂಗಸು ನಗಲಿಲ್ಲ.

ಅವತ್ತು ಅವನು ಊಟಕ್ಕೆ ಕರೆದುಕೊಂಡು ಹೋದ. ನಾನು ಜಾಮೂನು ಎರಡು ಸಲ ಹಾಕಿಸಿಕೊಂಡೆ.

ಮದುವೆಯಾಯಿತು, ನಿನ್ನ ಪಾಸ್‌ಪೋರ್ಟೂ ಅದೇ ಬೀರುವಿಗೆ ಹೋಯಿತು. ಆ ಮನೆಯಲ್ಲಿ ನಿನಗೇನಾಯಿತು ಎಂದು ನಾನು ಬರೆಯುವುದಿಲ್ಲ, ಅದನ್ನು ಹೇಳುವ ಹಕ್ಕು ನಿನ್ನದು. ಒಂದು ಬೆಳಿಗ್ಗೆ ನೀನು ಮಗಳು ನಿತ್ಯಾಳನ್ನು ಸೊಂಟದ ಮೇಲೆ ಹೊತ್ತು, ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ನಮ್ಮ ಬಾಗಿಲಿಗೆ ಬಂದೆ. ನಾನು ಬಾಗಿಲು ತೆರೆದೆ. ಆ ಹೊತ್ತಿಗೆ ನಮ್ಮ ಗ್ರೀನ್ ಕಾರ್ಡು ಬಂದಿತ್ತು. ಬರದಿದ್ದರೆ ತೆರೆಯುತ್ತಿದ್ದೆನೇ? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಎತ್ತಿಕೊಂಡಿದ್ದೇನೋ, ಅಷ್ಟೂ ಸಲ ಬೇರೆ ಏನಾದರೂ ಕೆಲಸ ಹುಡುಕಿಕೊಂಡಿದ್ದೇನೆ.

ಒಳಗೆ ಬಂದವಳು ನೀನು ಮೊದಲು ಹೇಳಿದ ಮಾತೇ ಇದು. "ಅಕ್ಕ, ಅವ್ನಿಗೆ ಮೊದ್ಲೇ ಎರಡು ಮದ್ವೆ ಆಗಿತ್ತಂತೆ. ನಿಂಗೂ ಮೋಸ ಮಾಡ್ಬುಟ್ನಲ್ಲಕ್ಕ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಹೂಂ ಕಣೆ, ನಮಗೂ ಗೊತ್ತಿರ್ಲಿಲ್ಲ" ಎಂದೆ. ನೀನು ನನ್ನನ್ನು ತಬ್ಬಿಕೊಂಡು ಅತ್ತೆ, ನನಗಾಗಿಯೂ ಅತ್ತೆ.

ಇಲ್ಲಿನ ಕನ್ನಡ ಕೂಟದ ಹೆಂಗಸರೆಲ್ಲ ನನ್ನನ್ನು ಕೊಂಡಾಡಿದರು. ಸ್ವಂತ ಅಕ್ಕನೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದರು. ನೀನು ನನ್ನ ಮನೆಯಲ್ಲಿದ್ದು ಮತ್ತೆ ನನ್ನ ಮಗುವನ್ನು ನೋಡಿಕೊಂಡೆ, ಅದನ್ನೂ ನನ್ನ ಔದಾರ್ಯದ ಲೆಕ್ಕಕ್ಕೇ ಹಾಕಿದರು. ನಾನು ಬೇಡ ಎನ್ನಲಿಲ್ಲ. ಆಮೇಲೆ ನೀನು ಇಂಗ್ಲಿಷ್ ಕಲಿತೆ, ಡೇಕೇರಿನಲ್ಲಿ ಕೆಲಸ ಹಿಡಿದೆ, ಮಗಳನ್ನು ಓದಿಸಿದೆ. ಪ್ರತಿ ಯುಗಾದಿಗೂ ಬಂದು ನನ್ನ ಕಾಲು ಮುಟ್ಟುತ್ತೀಯ. ನೀನು ಬಗ್ಗಿದಾಗ ನನ್ನ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಎಳೆದುಕೊಂಡಿಲ್ಲ ಒಮ್ಮೆಯೂ.

ಈಗ ನಿತ್ಯಾ ಅದೇ ಆಫೀಸಿಗೆ ಹೊರಟಿದ್ದಾಳೆ, ತಾನೇ ಮೆಚ್ಚಿದ ಹುಡುಗನ ಜೊತೆ. ಮೊನ್ನೆ ಫೋನಿನಲ್ಲಿ, "ದೊಡ್ಡಮ್ಮ, ಯೂ ಆರ್ ಕಮಿಂಗ್, ರೈಟ್?" ಎಂದಳು. ಹಿಂದಿನಿಂದ ನಿನ್ನ ದನಿ ಕೇಳಿಸಿತು. "ಬರ್ದೆ ಏನು, ಅಕ್ಕ ಇಲ್ದೆ ನಾವು ಯಾವತ್ತು ಹೋಗಿದ್ದೀವಿ?"

ನಾನು ಬರುವುದಿಲ್ಲ, ಮಂಜುಳಾ. ಇದನ್ನು ಓದಿದ ಮೇಲೂ ಬಾ ಎಂದು ನೀನೇ ಕರೆದರೆ ಮಾತ್ರ ಬರುತ್ತೇನೆ. ಕರೆಯಬೇಕೆಂದು ಕೇಳಿಕೊಳ್ಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ ಎಂಬ ಭಯ ನನಗೆ.

ಆ ಎರಡನೆಯ ಮಾತು ನಿನಗೆ ಸೇರಬೇಕಾದದ್ದು, ತಗೋ. ಆ ಹೆಂಗಸು ಹೇಳಿದ್ದು ಇಷ್ಟೇ. "ಇದು ಇವತ್ತೇ ಆಗಬೇಕು ಅಂತೇನಿಲ್ಲ ಅಂತ ಅವಳಿಗೆ ಹೇಳು. ಮನಸ್ಸಿಲ್ಲದಿದ್ದರೆ ಈಗಲೇ ಎದ್ದು ಮನೆಗೆ ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ."

ಆಗ ನಿನಗೆ ಹೋಗಲು ಇದ್ದ ಮನೆ ನನ್ನದೊಂದೇ.