ಪಂಪಕ್ಕ ದೋಣಿಗೆ ಎಂಜಿನ್ ಕೂರಿಸಿದ್ದು

ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ, ನಾಲ್ಕು ದಿಮ್ಮಿಗಳ ಮೇಲೆ ಅಣ್ಣನ ಹಾಯಿದೋಣಿ ಕೂತಿತ್ತು. ಉದ್ದ ಹದಿನಾಲ್ಕು ಅಡಿ, ಪೂರ್ತಿ ಮರದ್ದು. ಪಂಪಕ್ಕ ಅದರೊಳಗೆ ಇಳಿದು ತಳದ ಹಲಗೆಯ ಮೇಲೆ ರಸಮಟ್ಟ ಇಟ್ಟಳು. ಗಾಜಿನೊಳಗಿನ ಗುಳ್ಳೆ ಒಂದು ತುದಿಗೆ ಓಡಿತು. ಅಡ್ಡಡ್ಡ ಇಟ್ಟಳು. ಇನ್ನೊಂದು ತುದಿಗೆ ಓಡಿತು.

"ಅಣ್ಣ, ಇದರಲ್ಲಿ ಸಮ ಅನ್ನೋದು ಎಲ್ಲಿದೆ?"

"ಎಲ್ಲೂ ಇಲ್ಲ. ದೋಣಿ ಅಂದ್ರೆ ಹಾಗೇ."

"ಮತ್ತೆ ಇಷ್ಟು ವರ್ಷ ಯಾವ ನಂಬಿಕೆ ಮೇಲೆ ಇದರಲ್ಲಿ ಕೂತಿದ್ದೆ?"

"ಈಜು ಬರುತ್ತೆ ಅನ್ನೋ ನಂಬಿಕೆ ಮೇಲೆ," ಎಂದ ಅಣ್ಣ.

ಪಂಪಕ್ಕ ಅಂತ ಹೆಸರಿಟ್ಟವರು ಅವಳ ಜೊತೆ ದುಡಿದವರು. ಪಂಪ್ ಕಾರ್ಖಾನೆಯಲ್ಲಿ ಹೆಂಗಸರಿಗೆ ಪೆಟ್ಟಿಗೆ ಕಟ್ಟುವ ಕೆಲಸ ಮಾತ್ರ. ಜೋಡಣೆ ಬೆಂಚಿನ ಫಿಟ್ಟರು ಜ್ವರ ಬಂದು ಒಂದು ವಾರ ಮಲಗಿದಾಗ, ಇವಳು ಹೋಗಿ ಆ ಬೆಂಚಿನ ಮುಂದೆ ನಿಂತಳು. ಯಾರೂ ಕಲಿಸಿರಲಿಲ್ಲ, ಊಟದ ಬಿಡುವಿನಲ್ಲಿ ನೋಡಿ ನೋಡಿ ಕಲಿತದ್ದು. ಫಿಟ್ಟರು ವಾಪಸು ಬಂದಾಗ ಬೆಂಚು ಅವನದಾಗಿ ಉಳಿದಿರಲಿಲ್ಲ. ಹತ್ತೊಂಬತ್ತು ವರ್ಷ ಕಳೆದ ಮೇಲೆ ಮಾಲೀಕರು ಬೀಗ ಜಡಿದರು. ಎಲ್ಲರೂ ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡರು, ಇವಳೂ ಹರಿದುಕೊಂಡಳು. ಗೇಟು ತೆರೆಯಲಿಲ್ಲ. ಗೇಟಿನಿಂದ ಎದ್ದು ಬಂದವಳು ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ಡು ಹಾಕಿ ಪಂಪು ರಿಪೇರಿಗೆ ಕೂತಳು.

ಅವಳ ಜಂಬವೆಲ್ಲ ಕಪ್ಲಿಂಗಿನದು. ಎಂಜಿನ್ ತುದಿಯಲ್ಲೊಂದು ಕಬ್ಬಿಣದ ಬಿಲ್ಲೆ, ಅದು ತಿರುಗಿಸಬೇಕಾದ ಶಾಫ್ಟಿನ ತುದಿಯಲ್ಲೊಂದು ಬಿಲ್ಲೆ. ಎರಡೂ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಕೂದಲೆಳೆ ಓರೆಯಾದರೂ ಎಂಜಿನ್ ಕುಣಿಯುತ್ತದೆ, ಬೇರಿಂಗು ಸುಡುತ್ತದೆ. ಪಂಪಕ್ಕ ಕೂರಿಸಿದ ಕಪ್ಲಿಂಗಿನಲ್ಲಿ, ಸಂದು ಅಳೆಯಲು ತೂರಿಸುವ ಅಳತೆಪಟ್ಟಿಯ ಉಕ್ಕಿನ ಎಲೆಗಳಲ್ಲಿ ಅತಿ ತೆಳ್ಳನೆಯದೂ ತೂರುತ್ತಿರಲಿಲ್ಲ.

ಅಣ್ಣನಿಗೆ ಎಂಜಿನ್ ಬೇಕಾದದ್ದು ಶೋಕಿಗಲ್ಲ. ನಲವತ್ತು ವರ್ಷ ಹುಟ್ಟು ಹಾಕಿ ಅವನ ಬಲಭುಜ ಸವೆದುಹೋಗಿತ್ತು. ಗಾಳಿ ಇದ್ದರೆ ಹಾಯಿ ಇದೆ. ಬಿದ್ದರೆ ಭುಜವೇ ಗತಿ. ಹೋದ ತಿಂಗಳು ಅಳಿವೆಯ ಬಾಯಲ್ಲಿ ಗಾಳಿ ಸತ್ತು, ಇಳಿತದ ನೀರು ಅವನನ್ನು ಕಡ್ಡಿಯಂತೆ ಹೊರಗೆ ಎಳೆದುಕೊಂಡು ಹೋಗಿತ್ತು. ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಅತ್ತಿಗೆ ಅಳಲಿಲ್ಲ, ಕೂಗಲಿಲ್ಲ. "ಎಂಜಿನ್ ಹಾಕ್ಸಿ, ಇಲ್ಲ ದೋಣಿ ಮಾರಿ. ಮೂರನೇ ಮಾತು ನನ್ನ ಹತ್ರ ಇಲ್ಲ," ಎಂದಳು. ಭುಜ ನೋವೆಂದು ಒಂದು ವಾರ ಮನೆಯಲ್ಲಿ ಕೂತದ್ದಕ್ಕೇ ಅಣ್ಣ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಅವಳಿಗೆ ಉಪ್ಪೇ ಸಿಗದಂತೆ ಮಾಡಿದ್ದ. ದೋಣಿ ಹೋದರೆ ಆ ಮನುಷ್ಯ ಏನಾಗುತ್ತಾನೆಂಬುದು ಮೂವರಿಗೂ ಗೊತ್ತಿತ್ತು.

ತೂತು ಕೊರೆಯಲು ಬಂದವನು ದೋಣಿ ಬಡಗಿ. ಈ ದೋಣಿಯನ್ನು ತನ್ನ ಅಪ್ಪನ ಜೊತೆ ಕಟ್ಟಿದ ಮುದುಕ. ನೀರೊಳಗಿನ ಪಂಖ ತಿರುಗಿಸುವ ಶಾಫ್ಟು ಹಿಂಬದಿಯ ದಪ್ಪ ಮರವನ್ನು ತೂರಿ ಹೊರಗೆ ಹೋಗಬೇಕು. ಓರೆಯಾಗಿ ಕೊರೆದರೆ ದೋಣಿ ಸೌದೆ. ಪಂಪಕ್ಕ ದಾರ ಬಿಗಿಹಿಡಿದು ದಾರಿ ತೋರಿಸಿದಳು, ಅವನು ಉದ್ದನೆಯ ಬೈರಿಗೆ ತಿರುಗಿಸಿದ. ಇಪ್ಪತ್ತು ಸುತ್ತಿಗೊಮ್ಮೆ ನಿಲ್ಲಿಸಿ ಹೊಟ್ಟನ್ನು ಮೂಸುತ್ತಿದ್ದ.

"ಅದ್ಯಾಕೆ ಮಾಮ ಮೂಸ್ತೀಯ?"

"ಮರ ಒಳಗೆ ಕೊಳೆತಿದ್ರೆ ಮೊದಲು ಮೂಗಿಗೆ ಹೇಳುತ್ತೆ. ಕಣ್ಣಿಗೆ ಹೇಳೋ ಹೊತ್ತಿಗೆ ನಾವು ನೀರಲ್ಲಿರ್ತೀವಿ."

ಅವಳೂ ಒಂದು ಚಿಟಿಕೆ ತಗೊಂಡು ಮೂಸಿದಳು. ಹಳೆ ಪೆನ್ಸಿಲಿನ ವಾಸನೆ.

ಎರಡು ತೊಲೆಗಳನ್ನು ದೋಣಿಯ ಪಕ್ಕೆಲುಬುಗಳಿಗೆ ಬಿಗಿದು, ಐದು ಎಚ್‌ಪಿಯ ಡೀಸೆಲ್ ಎಂಜಿನನ್ನು ಅದರ ಮೇಲೆ ಕೂರಿಸಿದರು. ಪಂಪಕ್ಕ ಒಂದಿಡೀ ದಿನ ಬೆನ್ನು ಬಗ್ಗಿಸಿ ಕಪ್ಲಿಂಗು ಜೋಡಿಸಿದಳು. ಬೋಲ್ಟು ಬಿಗಿಯುವಾಗ ಬಡಗಿ ತಡೆದ.

"ಅರ್ಧ ಬಿಗಿ ಸಾಕಮ್ಮಾ. ನೀರಿಗಿಳಿಸಿ ಎರಡು ದಿನ ಬಿಟ್ಟು ನೋಡು."

"ಅರ್ಧ ಬಿಗಿದ ಕೆಲಸ ಅಂದ್ರೆ ಅರ್ಧ ತೊಳೆದ ಕುಂಡಿ, ಮಾಮ," ಎಂದು ಅವಳು ಸ್ಪ್ಯಾನರಿಗೆ ಇಡೀ ಮೈಭಾರ ಹಾಕಿ ಬಿಗಿದಳು. ಅವಳಿಗೆ ಗೊತ್ತಿದ್ದ ಪಂಪು ಕೂರುವುದು ಸಿಮೆಂಟಿನ ಕಟ್ಟೆಯ ಮೇಲೆ. ಸಿಮೆಂಟು ಇಂದು ಎಲ್ಲಿದೆಯೋ ನಾಳೆಯೂ ಅಲ್ಲೇ.

ಮರುದಿನ ಬೆಳಿಗ್ಗೆ ದೋಣಿಯನ್ನು ನೀರಿಗೆ ಇಳಿಸಿದರು. ಒಣಗಿದ್ದ ಹಲಗೆಗಳ ಸಂದಿಯಲ್ಲಿ ನೀರು ಜಿನುಗಿತು, ಮೊಗೆದು ಹೊರಹಾಕಿದರು. ಮಧ್ಯಾಹ್ನಕ್ಕೆ ಪಂಪಕ್ಕ ಹ್ಯಾಂಡಲ್ ಹೊಡೆದು ಎಂಜಿನ್ ಶುರು ಮಾಡಿದಳು. ದೋಣಿ ಚಳಿಜ್ವರ ಬಂದವರಂತೆ ಗಡಗಡ ನಡುಗಿತು. ಬೇರಿಂಗಿನ ಮೇಲೆ ಉಗುಳಿದರೆ ಚುಂಯ್ ಎಂದಿತು. ಅವಳು ಆರಿಸಿದಳು.

ಅಣ್ಣ, "ಬಿಡೇ. ಮಾರಿಬಿಡ್ತೀನಿ," ಎಂದ. ಹಿಂಬದಿಯ ಕಡೆ ನೋಡಿ, "ಹಿಂದೆ ತೂತು ಬಿದ್ದಿದ್ದನ್ನ ಯಾರು ತಗೋತಾರೋ," ಎಂದ.

ಅವಳು ಕಪ್ಲಿಂಗಿನ ಮುಂದೆ ಕೂತಳು. ನಿನ್ನೆ ಕೂದಲು ತೂರದಿದ್ದ ಜಾಗದಲ್ಲಿ, ಮೇಲ್ಭಾಗಕ್ಕೆ ಇಂದು ಪೋಸ್ಟ್‌ಕಾರ್ಡು ತೂರುತ್ತಿತ್ತು. ಕೆಳಗೆ ಬಿಗಿ.

"ಯಾರು ಮುಟ್ಟಿದ್ದು ಇದನ್ನ?"

"ನೀರು," ಎಂದ ದಡದ ಕಟ್ಟೆಯ ಮೇಲೆ ಕೂತಿದ್ದ ಬಡಗಿ. "ದಿಮ್ಮಿ ಮೇಲೆ ಕೂತಾಗ ದೋಣಿಗೆ ಒಂದು ಆಕಾರ, ನೀರು ಎತ್ತಿಕೊಂಡಾಗ ಇನ್ನೊಂದು. ಹಲಗೆ ನೀರು ಕುಡಿದು ಉಬ್ಬಿದ ಮೇಲೆ ಮತ್ತೊಂದು. ಹೇಳಿದ್ನಲ್ಲ."

ಮೇಸ್ತ್ರಿಗಳಿಗೆ ಒಂದು ರೋಗವಿದೆ: ತಪ್ಪು ತಮ್ಮದಾದರೆ ಸಾಮಾನಿಗೆ ಬೈಯುವುದು. ಪಂಪಕ್ಕನಿಗೆ ಆ ರೋಗ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡ ರೋಗ ಇನ್ನೊಂದಿತ್ತು. "ಎಷ್ಟು ಉಬ್ಬುತ್ತೆ? ಎಷ್ಟು ಹೊತ್ತು ಉಬ್ಬುತ್ತೆ? ಎಲ್ಲಿಗೆ ನಿಲ್ಲುತ್ತೆ?" ಎಂದು ಕೇಳಿದಳು.

"ಅದನ್ನೆಲ್ಲ ಯಾರಮ್ಮಾ ಅಳೀತಾರೆ?"

ಅವಳು ಅಳೆದಳು. ಎರಡು ದಿನ ಶೆಡ್ಡಿಗೆ ಬೀಗ ಹಾಕಿ, ಬೋಲ್ಟುಗಳನ್ನು ಸಡಿಲ ಬಿಟ್ಟು, ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಸಂಜೆ ಒಮ್ಮೆ ಸಂದು ಅಳೆದು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು. ಮೊದಲ ದಿನ ಅಂಕಿ ಜಿಗಿಯಿತು, ಎರಡನೆಯ ದಿನ ತೆವಳಿತು, ಮೂರನೆಯ ಬೆಳಿಗ್ಗೆ ಕದಲಲಿಲ್ಲ. ಎಂಜಿನ್ ಕಾಲಿನಡಿ ಹಿತ್ತಾಳೆಯ ತೆಳು ತಗಡು ತುರುಕಿ ಸಂದು ಮುಚ್ಚಿದಳು. ಆಗ ಅಣ್ಣ ನೋಡೋಣವೆಂದು ದೋಣಿಗೆ ಹತ್ತಿ, ಹಿಂದೆ ಚುಕ್ಕಾಣಿಯ ಪಕ್ಕ ತನ್ನ ಜಾಗದಲ್ಲಿ ಕೂತ. ಸಂದು ಮತ್ತೆ ಬಾಯಿ ಬಿಟ್ಟಿತು.

"ಇಳಿ ಅಣ್ಣ." ಮುಚ್ಚಿತು. "ಹತ್ತು." ತೆರೆಯಿತು. "ಇಳಿ." ಮುಚ್ಚಿತು.

"ನನ್ನನ್ನೇನು ಅಂತ ತಿಳ್ಕೊಂಡಿದ್ದೀಯೇ?"

"ಎಪ್ಪತ್ತೈದು ಕೆಜಿ ಅಂತ. ಹತ್ತು, ಕೂತ್ಕೋ, ಉಸಿರಾಡಬಹುದು, ಅಲ್ಲಾಡಬೇಡ." ಖುಷಿಯಲ್ಲಿ ಅವಳ ದನಿ ಏರಿತ್ತು. ಡೀಸೆಲ್ ಟ್ಯಾಂಕು ತುಂಬಿಸಿದಳು, ಬಲೆ, ಲಂಗರು, ನೀರಿನ ಕ್ಯಾನು ಎಲ್ಲವನ್ನೂ ಅವುಗಳ ಜಾಗದಲ್ಲಿ ಇಡಿಸಿದಳು. ಆ ಭಾರಕ್ಕೆ ತಕ್ಕಂತೆ ಅವಳು ತಗಡು ಬದಲಿಸಿ ಬದಲಿಸಿ ನೋಡುವಾಗ ಅಣ್ಣ ಮೂರು ಗಂಟೆ ಕಲ್ಲಿನಂತೆ ಕೂತ. ದಡದಿಂದ ಅತ್ತಿಗೆ, "ಮದುವೆಯಾಗಿ ಮೂವತ್ತು ವರ್ಷಕ್ಕೆ ಇವರನ್ನ ಒಂದು ಕಡೆ ಕೂರಿಸಿದವಳು ನೀನೊಬ್ಬಳೇ ಕಣೇ," ಎಂದಳು.

ಕೊನೆಗೆ ಕಪ್ಲಿಂಗಿನಲ್ಲಿ ಯಾವ ಎಲೆಯೂ ತೂರಲಿಲ್ಲ. ಬಿಗಿದಳು, ಎಂಜಿನ್ ಶುರು ಮಾಡಿದಳು. ತುಸು ನಡುಕವಿತ್ತು, ಎಂಜಿನ್ನಿಗೆ ಸಹಜವಾದಷ್ಟು. ಬೇರಿಂಗಿನ ಮೇಲೆ ಅಂಗೈ ಇಟ್ಟು ನೂರು ಎಣಿಸಿದಳು, ಕೈ ತೆಗೆಯಬೇಕೆನಿಸಲಿಲ್ಲ. ಶಾಫ್ಟು ಹೊರಗೆ ಹೋಗುವಲ್ಲಿ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಅಣ್ಣ ಗಾಬರಿಯಾದ.

"ಸೋರ್ತಿದೆಯಲ್ಲೇ!"

"ಹನಿ ಬೀಳಬೇಕು. ಬೀಳದಿದ್ರೆ ನೀರು ತಡೆಯೋಕೆ ಶಾಫ್ಟಿಗೆ ಸುತ್ತಿರೋ ದಾರ ಸುಟ್ಟುಹೋಗುತ್ತೆ. ಇದು ಮಾತ್ರ ನನಗೆ ಗೊತ್ತಿರೋದು, ಪಂಪೂ ಹೀಗೇ."

ಅವಳನ್ನು ಇಳಿಸಿ ಅಣ್ಣ ಒಬ್ಬನೇ ಹೊರಟ. ಹಾಯಿ ಮಡಚಿಟ್ಟಿತ್ತು, ಗಾಳಿ ಸುಳಿವಿರಲಿಲ್ಲ, ಇಳಿತ ಜೋರಾಗಿತ್ತು. ಅಳಿವೆಯ ಬಾಯಿವರೆಗೂ ಹೋಗಿ ದೋಣಿಯನ್ನು ತಿರುಗಿಸಿದ. ಎಳೆಯುವ ನೀರಿಗೆ ಎದುರಾಗಿ, ಅವಸರವಿಲ್ಲದೆ, ಎಲ್ಲೂ ನಿಲ್ಲದೆ ಬಂದ. ಅತ್ತಿಗೆ ದೋಣಿ ಕಟ್ಟೆಗೆ ತಾಗುವವರೆಗೂ ಕೈಕಟ್ಟಿ ನೋಡಿದಳು.

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಿ?" ಎಂದು ಕೇಳಿದಳು.

ಅಣ್ಣ ಹೊತ್ತು ಹೇಳಿದ. ಅವಳು ತಲೆಯಾಡಿಸಿ ಮನೆಕಡೆ ಹೊರಟಳು. ದೋಣಿ ಮಾರುವ ಮಾತು ಅಲ್ಲಿಗೆ ಮುಗಿಯಿತು.

ಪಂಪಕ್ಕ ಬಡಗಿಯ ಕಡೆ ತಿರುಗಿದಳು. "ಮಾಮ, ಹಾಯಿ ಏರಿಸಿದ್ರೆ ದೋಣಿ ಓರೆಯಾಗುತ್ತಲ್ಲ? ಆಗ ಸಂದು ಯಾವ ಕಡೆ ತೆರೆಯುತ್ತೆ?"

ಬಡಗಿ ಗಡ್ಡ ಕೆರೆದುಕೊಂಡ. "ಗೊತ್ತಿಲ್ಲಮ್ಮ. ಎಂಜಿನ್ ಇರೋ ಹಾಯಿದೋಣಿ ನಾನೂ ಕಟ್ಟಿಲ್ಲ."

"ಅಣ್ಣ," ಎಂದು ಅವಳು ಅಳತೆಪಟ್ಟಿಯನ್ನು ಸೆರಗಿಗೆ ಒರೆಸುತ್ತ ಕೂಗಿದಳು, "ನಾಳೆ ನಾನೂ ಬರ್ತೀನಿ."