ಅಕ್ಕನಿಗೆ ಬೇಕಾಗಿದ್ದ ಹೊಸ ಸಿಸ್ಟಂ

ನಾನು ಓದಿದ್ದು ಐದನೇ ಕ್ಲಾಸು. ಬರೆದ ಹಾಳೆಯ ಫೋಟೋ ಹಾಕಿದ್ದೇನೆ, ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಬೇಸರಿಸಬೇಡಿ. ತಪ್ಪು ಅಳಿಸುವಾಗ ರಬ್ಬರಿನ ವಾಸನೆಗೆ ಅಮ್ಮತ್ತಿಯಲ್ಲಿದ್ದ ಸೋದರಮಾವನ ಕಂಪ್ಯೂಟರ್ ಅಂಗಡಿ ನೆನಪಾಯಿತು.

ಒಂದು ಸಂಜೆ ಅಕ್ಕನ ಜೊತೆ ಅಲ್ಲಿಗೆ ಹೋಗಿದ್ದೆ. ಮರುದಿನ ಅಕ್ಕನಿಗೆ ಕೆಲಸದ ಟೈಪಿಂಗ್ ಪರೀಕ್ಷೆ. ಅಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಇರುತ್ತದಂತೆ. ಅಕ್ಕ ಕಲಿತದ್ದು ಹಳೆಯದರಲ್ಲಿ.

"ಹೊಸದನ್ನ ಒಂದು ಸಲ ತೋರಿಸಿ ಮಾವ."

"ಹಳೇದಕ್ಕೆ ಅರವತ್ನಾಲ್ಕು ಎಂಬಿ ರ‍್ಯಾಮ್ ಸಾಕು ಕೂಸೇ. ಹೊಸದು ಇನ್ನೂರೈವತ್ತಾರು ಕೇಳ್ತದೆ. ನಮ್ದರಲ್ಲಿ ಇರೋದು ಅದರ ಅರ್ಧ."

ಆದರೂ ಮಾವ ಪಕ್ಕದ ಸ್ಟುಡಿಯೋದಿಂದ ಅಷ್ಟೇ ಇನ್ನೊಂದು ರ‍್ಯಾಮ್ ಕೇಳಿ ತಂದರು. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಕೊಳೆ ಹೋಗಲೆಂದು ನನ್ನ ರಬ್ಬರಿನಿಂದ ಉಜ್ಜಿ ಕೂರಿಸಿದರು. ಹೊಸದನ್ನು ಹಾಕಲು ಒಂದು ಗಂಟೆ ಬೇಕು. ಕರೆಂಟು ಹೋದರೆ ಯುಪಿಎಸ್ ತಡೆಯುವುದು ಹತ್ತೇ ನಿಮಿಷ. ಮೂವರೂ ಬಲ್ಬನ್ನೇ ನೋಡುತ್ತ ಕುಳಿತೆವು.

ಮುಗಿಯುತ್ತ ಬಂದಾಗ ಬಲ್ಬು ಆರಿತು. ಯುಪಿಎಸ್ ಕೂಗತೊಡಗಿತು.

"ಇನ್ನೆಷ್ಟು ಮಾವ?"

"ಏಳು ನಿಮಿಷ ಅಂತದೆ. ನಾಪೋಕ್ಲು ಬಸ್ಸಿನವ್ರೂ ಹಾಗೇ ಹೇಳ್ತಾರೆ, ಬರೋದು ಅರ್ಧ ಗಂಟೆಗೆ."

ಕೊನೆಗೂ ಪರದೆ ತೆರೆಯಿತು. ಅಕ್ಕ ಟೈಪಿಂಗ್ ಪುಟ ಹುಡುಕಿ ತೆಗೆದು ಒಂದು ಸಾಲು ಹೊಡೆದಳು. ಅಷ್ಟರಲ್ಲಿ ಎಲ್ಲ ಕತ್ತಲಾಯಿತು.

"ಸಾಕು ಮಾವ," ಎಂದಳು. "ಎಲ್ಲಿ ತೆರೆಯೋದು ಅಂತ ಗೊತ್ತಾಯ್ತು."

ಇವತ್ತು ಬೆಳಿಗ್ಗೆ ಅಕ್ಕ ಬುತ್ತಿ ಮರೆತು ಹೋಗಿದ್ದಳು. ಅವಳು ಟೈಪ್ ಮಾಡುವ ಆಫೀಸಿಗೆ ಹೋಗಿ ಮೇಜಿನ ಮೇಲಿಟ್ಟು ಬಂದೆ.