ಗಾಜಿನೊಳಗಿನ ಗಾಳಿ

ಮೂಡುಬಿದಿರೆಯ ಬಸ್ಸಿಗೆ ಕಾಯುತ್ತ ಮೆಲ್ಕಾರಿನಲ್ಲಿ ಹಮೀದರ ಅತ್ತರಿನ ಅಂಗಡಿಯಲ್ಲಿ ಕುಳಿತಿದ್ದೆ. ಶೋಕೇಸಿನ ಬಾಟಲಿಗಳ ನಡುವೆ ಮುಷ್ಟಿಗಾತ್ರದ ಕಪ್ಪು ಗಾಜಿನ ಉಂಡೆಯೊಂದಿತ್ತು. ಸೌದಿಯಲ್ಲಿ ಡ್ರೈವರಾಗಿದ್ದಾಗ, ಹಿಂದೆಂದೋ ಉಲ್ಕೆ ಬಿದ್ದ ಹೊಂಡದಿಂದ ಅವರು ತಂದದ್ದು.

"ನೀವು ಕಲ್ಲಿನ ಬಗ್ಗೆಯೇ ಕಲಿತವರಲ್ವಾ, ಉಮ್ಮನಿಗೆ ಸ್ವಲ್ಪ ಹೇಳಿ ಮಾರಾಯ್ರೆ. ಇದರೊಳಗೆ ಏನೋ ಶಬ್ದ ಉಂಟಂತೆ. ನಾಡಿದ್ದು ಸೌದಿಗೆ ಹೋಗುವಾಗ ತಕೊಂಡು ಹೋಗಿ ಅಲ್ಲೇ ಇಡಬೇಕಂತೆ. ಆ ಮರಳಿಗೆ ಇನ್ನೊಮ್ಮೆ ಯಾರು ಹೋಗುವುದು?"

ಅವರ ತಾಯಿ ಒಳಬಾಗಿಲಲ್ಲಿ ನಿಂತಿದ್ದರು. ಉಲ್ಕೆ ಬಡಿದ ಬಿಸಿಗೆ ಮರಳು ಕುದಿದು ಗಾಜಾಯಿತು, ಅಷ್ಟೆ, ಎಂದೆ. ಒಡೆದ ಬದಿಯ ಬಿಳಿ ನೊರೆಯನ್ನು ತೋರಿಸಿ, ಇವು ಆಗ ಸಿಕ್ಕಿಬಿದ್ದ ಗುಳ್ಳೆಗಳು ಎಂದೂ ವಿವರಿಸಿದೆ.

"ಹಾಗಾದರೆ ಆ ದಿನದ ಗಾಳಿ ಇನ್ನೂ ಒಳಗೆ ಉಂಟು," ಎಂದರು ತಾಯಿ.

ಇಲ್ಲವೆನ್ನಲು ಆಗಲಿಲ್ಲ.

"ಕಿವಿಗೆ ಇಟ್ಟು ನೋಡಿ."

ಇಟ್ಟೆ. ಹಮೀದರು ನಗುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವರ ನಗು ನಿಂತಿತು.

ಈಗ ಬಸ್ಸು ಸಿದ್ಧಕಟ್ಟೆ ದಾಟಿದೆ. ಏನೂ ಕೇಳಿಸುವುದಿಲ್ಲವೆಂದು ಅವರಿಗೆ ಸ್ಪಷ್ಟವಾಗಿ ಹೇಳಿದೆನೆಂದೇ ನನ್ನ ನೆನಪು. ಹಾಗೆ ಹೇಳಿದ್ದರೆ, ಹಮೀದರು ಅದನ್ನು ಟವೆಲಿನಲ್ಲಿ ಸುತ್ತಿ ತಮ್ಮ ಪ್ರಯಾಣದ ಪೆಟ್ಟಿಗೆಗೆ ಹಾಕಿದ್ದು ಯಾಕೆ?